ಮೇಲೆ ಕೂರುವವಳು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿ,
ಕೊಡೆ ರಿಪೇರಿ ಮೊಯ್ದುವಿನ ಅಂಗಡಿಯ ಮಾಳಿಗೆ.
ಗುರುವಾರ ಸಂಜೆ ಏಳು ಜನ, ಐದು ಕುರ್ಚಿ,
ಒಂದು ನಕ್ಷೆ. ಸುರುಳಿ ಸುತ್ತಿಕೊಳ್ಳದಂತೆ ಅದರ ಮೂಲೆಗೆ
ಎರಡು ಲೋಟ, ಒಂದು ಕಬ್ಬಿಣದ ಕೊಂಡಿ,
ದೇಚಮ್ಮ ತಂದ ಕಿತ್ತಳೆ.

ಗುಹೆಯಿಲ್ಲದ ನಾಡಿನ ಗುಹೆ ಸಂಘ ನಮ್ಮದು.
ನಗುವವರು ನಗಲಿ.
ಇಲ್ಲಿಯ ಕಲ್ಲು ನೀರಿಗೆ ಬಾಯಿ ಬಿಡುವುದಿಲ್ಲ;
ಎಷ್ಟು ಸುರಿದರೂ ಮೈಮೇಲೆ ಹರಿಸಿ
ಹೊಳೆಗೆ ಕಳಿಸಿ ಸುಮ್ಮನಾಗುತ್ತದೆ.
ಇರುವುದು ಬಂಡೆ ಬಂಡೆಯ ನಡುವಿನ ಸಂದು,
ಒಂದು ಬಾವಲಿ ಹೊರಬಂದರೆ
ಒಬ್ಬರು ಒಳಹೋಗುವಷ್ಟು.

ಹಾಗಾಗಿ ಕಲಿತದ್ದೆಲ್ಲ ಬೇರೆ ಕಡೆ:
ನಾಣಯ್ಯನ ಬತ್ತಿದ ಬಾವಿಯಲ್ಲಿ ಇಳಿಯಲು,
ಸಿಲ್ವರ್ ಓಕಿಗೆ ಹಗ್ಗ ಬಿಗಿದು ಏರಲು,
ರಜೆಯ ದಿನ ಶಾಲೆಯ ಬೆಂಚಿನಡಿ
ಹೊಟ್ಟೆ ಎಳೆದು ತೆವಳಲು.
ಉಸಿರು ತುಂಬಿಕೊಂಡರೆ ಸಿಕ್ಕಿಬೀಳುತ್ತೀರಿ,
ಖಾಲಿ ಮಾಡಿದರೆ ದಾಟುತ್ತೀರಿ
ಅಂತ ನಾನೇ ಕಲಿಸಿದ್ದು.

ಈ ಸಲ ಹಿಮಾಲಯ.
ಹದಿಮೂರು ಸಾವಿರ ಅಡಿಯ ಮೇಲೆ ಸುಣ್ಣಕಲ್ಲು,
ಅದರ ಬಾಯಿಗೆ ವರ್ಷದ ಒಂಬತ್ತು ತಿಂಗಳು ಹಿಮದ ಬಿರಡೆ.
ಜೂನ್ ಎರಡನೇ ವಾರ ಬಿರಡೆ ಸಡಿಲ.
ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ
ಅಲ್ಲಿ ಬೇಸಗೆ ಕಣ್ಣು ಬಿಡುತ್ತದೆ.

ಚಂಗಪ್ಪ ಲೆಕ್ಕ ಓದುತ್ತಾನೆ:
ಹಗ್ಗ ನಾನೂರು ಮೀಟರ್. ರೈಲಿನಲ್ಲಿ ಮೂರು ರಾತ್ರಿ.
ಸೀಮೆಎಣ್ಣೆ ಅಲ್ಲೇ ಕೊಳ್ಳುವುದು.
ಅಕ್ಕಿ ಬೇಡ, ಅಷ್ಟೆತ್ತರದಲ್ಲಿ ಬೇಯಲು ಅರ್ಧ ದಿನ.
ಒಣಗಿಸಿದ ಹಂದಿ ಎರಡು ಕಿಲೋ;
ಮೊಯ್ದುವಿನ ಮಗ ರಶೀದನಿಗೆ ಬೇರೆ ಡಬ್ಬಿ, ಬೇರೆ ಚಮಚ.
ಆ ಡಬ್ಬಿಯ ಮೇಲೆ ದೇಚಮ್ಮ
ಆಗಲೇ ಮೀನು ಬರೆದಿದ್ದಾಳೆ, ಮೀಸೆ ಸಮೇತ.

ತಿತಿಮತಿಯ ಕಾಳಿಂಗ ಇಷ್ಟೂ ಹೊತ್ತು
ನಾವು ಕಟ್ಟಿದ ಗಂಟುಗಳನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ.
ಹೆಜ್ಜೇನಿನ ಬಂಡೆಗೆ ಇಳಿದ ಕೈ.
"ಒಳಗೆ ಏನಿದೆ?" ಕೇಳಿದ.
ಯಾರಿಗೂ ಗೊತ್ತಿಲ್ಲ, ಅಂದೆವು.
"ಜೇನು?"
ಇಲ್ಲ.
"ಹಾಗಾದರೆ ಹೊಗೆ ಹಾಕುವ ಕೆಲಸ ಉಳಿಯಿತು,"
ಅಂದು ಹಗ್ಗ ಸುತ್ತಿ ಚೀಲಕ್ಕಿಟ್ಟ.

ಆಮೇಲೆ ವೇಳಾಪಟ್ಟಿ. ಆಗ ಯಾರೂ ನಗಲಿಲ್ಲ.
ರಾತ್ರಿ ಎರಡಕ್ಕೆ ಒಳಗೆ, ಬೆಳಗ್ಗೆ ಹತ್ತಕ್ಕೆ ಹೊರಗೆ.
ಹೊತ್ತೇರಿದರೆ ಮೇಲಿನ ಹಿಮ ಕರಗಿ
ನೆಟ್ಟಗೆ ಕಲ್ಲಿನ ಗಂಟಲಿಗೆ ಬೀಳುತ್ತದೆ;
ಹೊರಗೆ ಬಿಸಿಲು ಬಿದ್ದದ್ದು ಒಳಗಿದ್ದವರಿಗೆ ತಿಳಿಯುವುದು
ನೀರಿನ ಸದ್ದಿನಿಂದ.

ಒಬ್ಬರು ಮೇಲೆ ಕೂರಬೇಕು.
ಬಾಯಿಯ ಬಳಿ, ಪುಸ್ತಕ ಹಿಡಿದು:
ಹೋದವರ ಹೆಸರು, ಹೋದ ಗಂಟೆ, ಬರುವ ಗಂಟೆ.
ಬರದಿದ್ದರೆ ಎಲ್ಲಿಯವರೆಗೆ ಕಾಯುವುದು,
ಯಾವ ನಿಮಿಷದ ಮೇಲೆ ಕಾಯಬಾರದು,
ಕೆಳಗಿನ ಊರಲ್ಲಿ ಯಾರನ್ನು ಎಬ್ಬಿಸುವುದು.

ಆರು ಜನರ ಕಣ್ಣೂ ನಕ್ಷೆಯ ಮೇಲೆ.
ನನ್ನ ಮಂಡಿಯ ಮೇಲಲ್ಲ, ಪಾಪ, ಯಾರದೂ ಅಲ್ಲ.
ಹೋದ ಡಿಸೆಂಬರ್, ನಾಣಯ್ಯನ ಬಾವಿ,
ಮೂವತ್ತನೇ ಅಡಿಯಲ್ಲಿ ಜಾರಿದ ನಾನು.
ಮೇಲೆ ಕೂತ ರಶೀದ್ ಬೆಲ್ಲದ ಕಾಫಿಗೆಂದು ಹೋಗಿ
ನಲವತ್ತು ನಿಮಿಷ.
ಅದರ ಮಾತು ಅವನೂ ಎತ್ತಿಲ್ಲ, ನಾನೂ.

"ನಾನು ಕೂರುತ್ತೇನೆ," ಅಂದೆ.
ತೆವಳಲು ಕಲಿಸಿದವಳು, ಗುಹೆ ನೋಡದವಳು.
ಫ್ಲಾಸ್ಕು ನನ್ನದು, ಗಡಿಯಾರ ನನ್ನದು,
ನಿಮಗೆ ಕಾಣದ ಬಿಸಿಲು ನನ್ನದು.

ಕೆಳಗಿನಿಂದ ಮೊಯ್ದು ಕೊಡೆಯ ಹಿಡಿಯಲ್ಲಿ
ಮೂರು ಸಲ ಹಲಗೆ ಕುಟ್ಟಿದ: ಅಂಗಡಿ ಮುಚ್ಚುವ ಹೊತ್ತು.
ಎಲ್ಲರೂ ಏಳುವಾಗ, ಯಾರೂ ಕೇಳದೆ,
ರಶೀದ್ ಪಟ್ಟಿಯ ಅಡಿಗೆ ಬರೆದ:
ಕಾಫಿಪುಡಿ ಅರ್ಧ ಕಿಲೋ, ಬೆಲ್ಲ,
ಮೇಲೆ ಕೂರುವವರಿಗೆ.

ಮರದ ಏಣಿ ಕಡಿದು. ನಾನು ಕೊನೆಗೆ,
ಒಂದು ಕೈ ಗೋಡೆಗೆ, ಒಂದೊಂದೇ ಮೆಟ್ಟಿಲು.
ಉಳಿದವರೆಲ್ಲ ಓಣಿ ತಿರುಗಿ ಆಗಿದೆ.
ಕೆಳಗೆ ಮುಖ ಎತ್ತಿಕೊಂಡು
ಅವನೊಬ್ಬ ಇನ್ನೂ ನಿಂತಿದ್ದಾನೆ.